ಪಟ್ಟೆಮಡಿಯಲ್ಲಿ ಮದರ್‌ಬೋರ್ಡ್

ಸಂಕ್ರಾಂತಿ ಬುಧವಾರವೇ ಬಂದು ಹೋಗಿತ್ತು. ಆದರೆ ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ರಜ ನೋಡಿ ಬರುತ್ತವೆ. ಹಾಗಾಗಿ ೧೯೯೮ರ ಆ ಶನಿವಾರ ಬದರಿನಾಥರು ಪೂಜೆ ಮುಗಿಸಿ, ಉಟ್ಟ ರೇಷ್ಮೆ ಪಂಚೆಯಲ್ಲೇ ಬೇಸ್‌ಮೆಂಟಿಗೆ ಇಳಿದರು. ಎಳ್ಳು-ಬೆಲ್ಲಕ್ಕೆ ಬಂದಿದ್ದ ಹೃದಯದ ಡಾಕ್ಟರು ತ್ಯಾಗರಾಜರ ಎದುರಿಗೆ, ತಾವೇ ಕೈಯಾರೆ ಜೋಡಿಸಿದ ಕಂಪ್ಯೂಟರಿಗೆ ಪ್ರಾಣಪ್ರತಿಷ್ಠೆ ಮಾಡುವ ಕಾರ್ಯಕ್ರಮ. ಒಳಗೆ ಸೇರಿಸಲು ಬಾಕಿ ಇದ್ದದ್ದು ಮೆಮೊರಿಯ ಎರಡು ಪಟ್ಟಿಗಳು ಮಾತ್ರ. ದಪ್ಪ ಕಾರ್ಪೆಟ್ಟಿನ ಮೇಲೆ ಪಂಚೆ ಸರಬರ ಎನ್ನಿಸುತ್ತ ನಡೆದು ಹೋಗಿ ಒಂದನ್ನು ಬರಿಗೈಯಲ್ಲಿ ಎತ್ತಿಕೊಂಡರು. ಚಟ್ ಎಂದು ಕಿಡಿ ಹಾರಿತು. ಅದನ್ನು ಕೂರಿಸಿ, ಮತ್ತೆ ನಡೆದು ಹೋಗಿ ಇನ್ನೊಂದನ್ನು ಎತ್ತಿದರು. ಅದೂ ಚಟ್ ಎಂದಿತು.

ಸ್ವಿಚ್ ಒತ್ತಿದರು. ಫ್ಯಾನ್ ತಿರುಗಿತು. ಪರದೆ ಅಮಾವಾಸ್ಯೆಯಂತೆ ಕೂತಿತ್ತು. ಪೆಟ್ಟಿಗೆಯೊಳಗಿಂದ ಬೀಪ್, ಬೀಪ್, ಬೀಪ್ ಎಂಬ ಆರ್ತನಾದ.

“ಬೀಪ್ ಬರ್ತಿದೆ ಅಂದ್ರೆ ಪೇಷೆಂಟ್ ಬದುಕಿದಾನೆ ಬದರಿ, ಗಾಬರಿ ಬೇಡ,” ಎಂದರು ತ್ಯಾಗರಾಜರು.

ಬದರಿನಾಥರು ಪುಸ್ತಕದಲ್ಲಿ ಬೀಪುಗಳ ಅರ್ಥ ಹುಡುಕಿದರು. ಮುಖ ಬಿಳುಚಿಕೊಂಡಿತು. “ರ‍್ಯಾಮ್ ಸುಟ್ಟುಹೋಗಿದೆ.”

“ರಾಮ ರಾಮಾ,” ಎಂದಳು ಹೆಂಡತಿ ವಸಂತಾ.

“ಹೌದು,” ಎಂದರು ಬದರಿನಾಥರು. “ಎರಡೂ.”

ತ್ಯಾಗರಾಜರು ಬಾಯಲ್ಲಿದ್ದ ಕೊಬ್ಬರಿ ಚೂರು ನುಂಗಿಕೊಂಡು, “ಗಾಜಿನ ಕಡ್ಡೀನ ರೇಷ್ಮೆ ಬಟ್ಟೆಗೆ ಉಜ್ಜಿದ್ರೆ ಏನಾಗತ್ತೆ ಅನ್ನೋ ಪಾಠ ನಮಗೆ ಮಿಡ್ಲ್ ಸ್ಕೂಲಲ್ಲೇ ಆಗಿತ್ತಪ್ಪ. ನಿಮಗೆ ಯಾವ ಕ್ಲಾಸಲ್ಲಿತ್ತು?” ಎಂದು ಕೇಳಿದರು.

ಇದು ಚುಚ್ಚುವ ಪ್ರಶ್ನೆ. ಏಕೆಂದರೆ ಬದರಿನಾಥರು ಭೌತಶಾಸ್ತ್ರದ ಡಾಕ್ಟರೇಟ್ ಪಡೆದದ್ದೇ ಸ್ಥಿರವಿದ್ಯುತ್ತಿನ ಮೇಲೆ. ನಂಜನಗೂಡಿನಿಂದ ಮೈಸೂರಿಗೆ, ಮೈಸೂರಿನಿಂದ ೧೯೬೯ರಲ್ಲಿ ಅಮೆರಿಕಕ್ಕೆ ಅವರನ್ನು ಹೊತ್ತು ತಂದದ್ದೇ ಆ ವಿದ್ಯುತ್ತು. ಸರ್ಕಾರಿ ಲ್ಯಾಬಿನಲ್ಲಿ ಇಪ್ಪತ್ತೈದು ವರ್ಷ ಅದರ ಅನ್ನ ತಿಂದವರು. ಈ ದಿನ ಅದು ತನ್ನ ಬಾಕಿ ವಸೂಲು ಮಾಡಿತ್ತು. ಚಿಪ್ ಜೋಡಿಸುತ್ತೇನೆಂದು ಹೊರಟವರ ಕೈಗೇ ಚಿಪ್ಪು ಬಂದಿತ್ತು.

ಆದರೆ ವಸಂತಾಗೆ ಇದು ಮೊದಲ ಶಾಕ್ ಅಲ್ಲ. ಅವಳು ನವೆಂಬರಿನಿಂದಲೂ ಶಾಕಿನಲ್ಲೇ ಇದ್ದಳು.

ಬದರಿನಾಥರು ಆಟ ಆಡುವ ಜಾತಿಯವರಲ್ಲ. ಚೌಕಾಬಾರಕ್ಕೆ ಕರೆದರೆ ತಲೆನೋವು ಎನ್ನುವವರು. ಜಿರಳೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಅಂಗಳಕ್ಕೆ ಬಿಟ್ಟು ಬರುವ ಅಹಿಂಸಾವಾದಿ. ಮದುವೆಯ ವರ್ಷ ಕೊಂಡ ಸ್ವೆಟರನ್ನು ಇನ್ನೂ ಹಾಕುತ್ತಿದ್ದವರು. ಅಂಥವರು ಒಂದು ಸಂಜೆ ಲ್ಯಾಬಿನಿಂದ ಬಂದವರೇ, ಶೂ ಕೂಡ ಬಿಚ್ಚದೆ, “ವಸಂತಾ, ನಾನೊಂದು ಕಂಪ್ಯೂಟರ್ ಕಟ್ತೀನಿ. ಗೇಮ್ ಆಡೋಕೆ,” ಎಂದಿದ್ದರು. ಅವಳು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಮಾರನೆಯ ದಿನದಿಂದ ಮನೆಗೆ ಟೆಲಿಫೋನ್ ಡೈರೆಕ್ಟರಿ ಗಾತ್ರದ ಪತ್ರಿಕೆಗಳು ಬರತೊಡಗಿದವು. ಫ್ರಿಜ್ ಬಾಗಿಲ ಮೇಲಿದ್ದ ಏಕಾದಶಿಗಳ ಪಟ್ಟಿಯನ್ನು ಕಿತ್ತು, ಅಲ್ಲಿ ಯಾವ ಪ್ರಾಸೆಸರಿಗೆ ಯಾವ ಮದರ್‌ಬೋರ್ಡ್ ಎಂಬ ಚಾರ್ಟ್ ಅಂಟಿಸಿದರು. ಆ ತಿಂಗಳು ವಸಂತಾ ಏಕಾದಶಿಯ ದಿನವೇ ಬಿಸಿಬೇಳೆಬಾತ್ ಮಾಡಿದಳು. ಅವರು ಅದನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಅದು ಇನ್ನೊಂದು ಶಾಕ್.

ಅವಳು ಜಗಳ ಆಡಬಹುದಿತ್ತು. ಆಡಲಿಲ್ಲ. ಅದಕ್ಕೆ ಕಾರಣ ಮಗಳು ನೀತಾ.

ನೀತಾ ಡರ್ಹಮ್‌ನ ಕಾಲೇಜಿನಲ್ಲಿ ಮೂರನೆಯ ವರ್ಷದ ಓದು. ಎರಡು ವಾರಕ್ಕೊಮ್ಮೆ ಫೋನು, ಎರಡು ನಿಮಿಷದ ಮಾತು: “ಐ ಆಮ್ ಫೈನ್ ಅಮ್ಮ, ಊಟ ಆಯ್ತು, ಬೈ.” ಹಿಂದಿನ ಮಾರ್ಚಿನ ರಜದಲ್ಲಿ ಗೆಳತಿಯರ ಜೊತೆ ಫ್ಲೋರಿಡಾದ ಬೀಚಿಗೆ ಹೋಗಿದ್ದಳು. ಈ ಸಲವೂ ಹಾಗೇ ಮಾತು ನಡೆದಿತ್ತು. ಮಗಳು ಒಂದು ವಾರ ಮನೆಯಲ್ಲಿರಲಿ ಎಂಬುದೊಂದೇ ವಸಂತಾಳ ಆಸೆ. ಕೇಳಿದರೆ, “ವಿಲ್ ಸೀ ಅಮ್ಮ,” ಎಂಬ ಉತ್ತರ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ‘ವಿಲ್ ಸೀ’ ಅಂದರೆ ಇಲ್ಲ ಅಂತಲೇ ಅರ್ಥ ಎಂದು ಅವಳಿಗೆ ಗೊತ್ತಿತ್ತು.

ಆ ನೀತಾಗೆ ಹೈಸ್ಕೂಲಿನಿಂದಲೂ ಕಂಪ್ಯೂಟರ್ ಆಟದ ಹುಚ್ಚು. ಬದರಿನಾಥರು ಫೋನ್ ಹಿಡಿದು, “ಪುಟ್ಟಿ, ತ್ರೀ-ಡಿ ಕಾರ್ಡ್ ಯಾವುದು ತಗೊಳ್ಳಲಿ?” ಎಂದು ಕೇಳಿದ ದಿನ ನಲವತ್ತು ನಿಮಿಷ ಮಾತು. ನಡುವೆ ಮಗಳು ನಕ್ಕದ್ದು ಅಡುಗೆಮನೆಯ ಇನ್ನೊಂದು ರಿಸೀವರಿನಲ್ಲಿ ವಸಂತಾಗೆ ಕೇಳಿಸಿತು. ಓಹೋ, ಎಂದುಕೊಂಡಳು. ಹೇಳಿ ಕರೆದರೆ ಬಾರದವಳನ್ನು ಆಟ ತೋರಿಸಿ ಕರೆಸುವ ಉಪಾಯ ಇದು. ಇವರಿಗೂ ಇಷ್ಟು ಜಾಣತನ ಇದೆಯಲ್ಲ ಎಂದು ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಗಂಡನ ಬಗ್ಗೆ ಹೆಮ್ಮೆಪಟ್ಟಳು.

ಆಮೇಲೆ ಅವಳೇ ಮುಂದೆ ನಿಂತಳು. ಜಾತ್ರೆ ಮೈದಾನದ ದೊಡ್ಡ ಶೆಡ್ಡಿನಲ್ಲಿ ಭಾನುವಾರ ಕಂಪ್ಯೂಟರ್ ಸಂತೆ. ಮಡಚುವ ಮೇಜುಗಳ ಮೇಲೆ ಬದನೆಕಾಯಿ ಹರಡಿದಂತೆ ಚಿಪ್ಪುಗಳನ್ನು ಹರಡಿರುತ್ತಿದ್ದರು. ಬದರಿನಾಥರು ಹಾರ್ಡ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿ ಕುಲುಕಿದಂತೆ ಕುಲುಕಲು ಹೋದಾಗ ಗಡ್ಡದ ಮಾರಾಟಗಾರ ಮೇಜು ಹಾರಿ ಬಂದು ಕಸಿದುಕೊಂಡ. ಎರಡು ಫ್ಯಾನ್ ಬೇಕೇ ಬೇಕು ಎಂದು ಆತ ಹೇಳಿದಾಗ ಬದರಿನಾಥರು ಹಿಂದೆ ಮುಂದೆ ನೋಡಿದರು. “ತಗೊಳ್ಳಿ ರೀ, ಅದಕ್ಕಾದ್ರೂ ಇರಲಿ. ನಿಮಗಂತೂ ಒಬ್ಬರೂ ಇಲ್ಲ,” ಎಂದಳು ವಸಂತಾ.

ಅವಳು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಹದಿನೆಂಟು ವರ್ಷ ರಕ್ತ ಹೊಂದಿಸಿದವಳು. ಒಬ್ಬರ ರಕ್ತ ಇನ್ನೊಬ್ಬರಿಗೆ ಒಗ್ಗುತ್ತದೆಯೇ ಎಂದು ನೋಡದೆ ಒಂದು ಹನಿಯನ್ನೂ ಆಚೆ ಬಿಡುವವಳಲ್ಲ. ಬದರಿನಾಥರು ಹೊಳೆಯುವ ಬೋರ್ಡೊಂದನ್ನು ನೋಡಿ ಮರುಳಾದಾಗ, “ಇದಕ್ಕೂ ಆ ಪ್ರಾಸೆಸರಿಗೂ ಕ್ರಾಸ್‌ಮ್ಯಾಚ್ ಆಯ್ತಾ?” ಎಂದು ಕೇಳಿದಳು. ಫ್ರಿಜ್ಜಿನ ಚಾರ್ಟನ್ನು ಅವಳು ಅಷ್ಟರಲ್ಲಿ ಬಾಯಿಪಾಠ ಮಾಡಿದ್ದಳು. ಕ್ರಾಸ್‌ಮ್ಯಾಚ್ ಆಗಿರಲಿಲ್ಲ. ಪ್ರಾಸೆಸರಿನ ಕಾಲುಗಳ ಲೆಕ್ಕವೇ ಬೇರೆ, ಬೋರ್ಡಿನ ತೂತುಗಳ ಲೆಕ್ಕವೇ ಬೇರೆ. ಜಾತಕ ನೋಡದೆ ತಾಳಿ ಕಟ್ಟಲು ಹೊರಟ ವರನಂತೆ ಬದರಿನಾಥರು ಬೋರ್ಡನ್ನು ಕೆಳಗಿಟ್ಟರು.

ಹೀಗೆ ಒಂದೊಂದಾಗಿ ಆರಿಸಿ ತಂದದ್ದರಲ್ಲಿ ಮೆಮೊರಿಯೇ ಸಂಕ್ರಾಂತಿಯಂದು ಕಿಡಿಗೆ ಬಲಿಯಾಯಿತು. ತ್ಯಾಗರಾಜರು ಹೊರಟ ಮೇಲೆ ವಸಂತಾ ಡರ್ಹಮ್‌ಗೆ ಫೋನ್ ಹಚ್ಚಿ ಕಿಡಿಯ ಕಥೆ ಹೇಳಿದಳು.

“ಅಮ್ಮ, ಅಪ್ಪ ಏನು ಹಾಕ್ಕೊಂಡಿದ್ದ?”

“ರೇಷ್ಮೆ ಕಣೇ. ಪೂಜೆ ಪಂಚೆ.”

“ಸಿಲ್ಕ್? ಕಾರ್ಪೆಟ್ ಮೇಲೆ? ಓ ಮೈ ಗಾಡ್ ಅಮ್ಮ. ಹಿ ಹ್ಯಾಸ್ ಎ ಪಿಎಚ್‌ಡಿ.”

“ಮಡಿ ಅಂತ ಉಟ್ಟಿದ್ರು.”

“ಕಾಟನ್ ಹಾಕಬೇಕು. ಕಾರ್ಪೆಟ್ ಬೇಡ. ಫಸ್ಟ್ ಮೆಟಲ್ ಟಚ್ ಮಾಡಬೇಕು, ಆಮೇಲೆ ಪಾರ್ಟ್ಸ್. ಆಂಡ್ ಕೈಗೆ ಒಂದು ಸ್ಟ್ರ್ಯಾಪ್ ಇರತ್ತೆ, ವೈರ್ ಇರೋದು. ಅದು ಕಟ್ಟಬೇಕು.”

ವಸಂತಾ ಫೋನ್ ಇಟ್ಟಳು. ಅತ್ತೆ ಇದ್ದಾಗ ಹತ್ತಿ ಸೀರೆ ಉಟ್ಟು ಒಲೆ ಮುಟ್ಟಿದರೆ ಮೈಲಿಗೆ, ರೇಷ್ಮೆ ಉಟ್ಟರೆ ಎಲ್ಲ ಮಾಫಿ. ಈ ದೇವರಿಗೆ ರೇಷ್ಮೆಯೇ ಮೈಲಿಗೆ, ಹತ್ತಿಯೇ ಮಡಿ. ಆದರೆ ಮುಟ್ಟಬೇಡ, ತಗುಲಬೇಡ, ಅಲ್ಲಿ ನಿಂತು ಇದನ್ನು ಹಿಡಿಯಬೇಡ ಎಂಬ ಶಾಸ್ತ್ರ ಮಾತ್ರ ಒಂದಕ್ಷರ ಬದಲಾಗಿರಲಿಲ್ಲ. ಇಂಥ ದೇವರಿಗೆ ಪೂಜಾರಿಯಾಗಲು ಅವಳಿಗೆ ಇಪ್ಪತ್ತಮೂರು ವರ್ಷದ ತರಬೇತಿ ಇತ್ತು.

ಮುಂದಿನ ಭಾನುವಾರ ಸಂತೆಯಿಂದ ಹೊಸ ಮೆಮೊರಿ ಬಂತು. ಈ ಸಲ ಕೆಲಸ ಅಡುಗೆಮನೆಯ ಬೋಳು ನೆಲದ ಮೇಲೆ. ಬದರಿನಾಥರಿಗೆ ಹಳೆಯ ಹತ್ತಿ ಪಂಚೆ, ಬರಿ ಮೈ. ಜನಿವಾರದ ಜೊತೆಗೆ ಮಣಿಕಟ್ಟಿಗೆ ಇನ್ನೊಂದು ದಾರ, ಅದರ ತುದಿ ಪೆಟ್ಟಿಗೆಯ ಕಬ್ಬಿಣಕ್ಕೆ.

“ಚಳಿ ಆಗ್ತಿದೆ ಕಣೇ, ಸ್ವೆಟರ್ ಹಾಕ್ಕೊಳ್ಳಲಾ?”

“ಉಣ್ಣೆ. ಮೈಲಿಗೆ. ಹಾಗೇ ಕೂತ್ಕೊಳ್ಳಿ.”

“ಮೂಗು ತುರಿಸ್ತಿದೆ.”

“ಕಬ್ಬಿಣ ಮುಟ್ಟಿ ತುರಿಸ್ಕೊಳ್ಳಿ.”

ಪಟ್ಟಿಗಳೆರಡೂ ಕಟಕ್, ಕಟಕ್ ಎಂದು ಕೂತವು. ಸ್ವಿಚ್ ಒತ್ತಿದಾಗ ಒಂದೇ ಒಂದು ಪುಟ್ಟ ಬೀಪ್ ಬಂದು ಪರದೆಯ ಮೇಲೆ ಅಕ್ಷರ ಮೂಡಿತು. ಬದರಿನಾಥರು ಕಣ್ಣು ಒರೆಸಿಕೊಂಡರು, ಅದಕ್ಕೂ ಮೊದಲು ಕಬ್ಬಿಣ ಮುಟ್ಟಿ.

ಒಂದು ವಾರದಲ್ಲಿ ಅವರು ಬೇಸ್‌ಮೆಂಟಿನ ನಿವಾಸಿಯಾದರು. ಜಿರಳೆಗೂ ನೋವು ಮಾಡದ ಮನುಷ್ಯ ಪರದೆಯ ಮೇಲೆ ಕಂಡ ಪಿಶಾಚಿಗಳನ್ನೆಲ್ಲ ಬಂದೂಕಿನಿಂದ ಸುಡುತ್ತ, “ಬಾರೋ ಮುಂಡೇದೆ, ಬಾ,” ಎನ್ನುತ್ತಿದ್ದದ್ದು ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತ ವಸಂತಾಳ ಕಿವಿಗೆ ಬಿತ್ತು. ಆ ಬಾಯಿಂದ ಅವಳು ಇದುವರೆಗೆ ‘ಛೆ’ ಎಂಬುದಕ್ಕಿಂತ ದೊಡ್ಡ ಬೈಗುಳ ಕೇಳಿರಲಿಲ್ಲ. ಕಾಫಿ ತಟ್ಟೆಗೆ ಚೆಲ್ಲಿತು. ಆದರೂ ಸಹಿಸಿಕೊಂಡಳು. ಮಗಳಿಗಾಗಿ ಅಭ್ಯಾಸ ಮಾಡುತ್ತಿದ್ದಾರೆ, ಪಾಪ.

ಫೆಬ್ರವರಿಯ ಒಂದು ಮಧ್ಯಾಹ್ನ ಡರ್ಹಮ್‌ನಿಂದ ಫೋನು.

“ಅಮ್ಮ, ಅಪ್ಪನ ಮೆಷೀನ್ ನಮ್ಮ ಲ್ಯಾಬ್‌ದಕ್ಕಿಂತ ಫಾಸ್ಟ್. ನಾನು ಸ್ಪ್ರಿಂಗ್ ಬ್ರೇಕ್‌ಗೆ ಮನೆಗೆ ಬರ್ತೀನಿ. ಹೋಲ್ ವೀಕ್. ಈಸ್ ದಟ್ ಓಕೆ?”

ವಸಂತಾ “ಓಕೆ ಕಣೇ,” ಎಂದಷ್ಟೇ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದಳು. ಬದರಿನಾಥರು ಬೆನ್ನು ಹಾಕಿ ಕೂತಿದ್ದರು. ಪರದೆಯ ಬೆಳಕಿನಲ್ಲಿ ಆ ಬೋಳುತಲೆ ನೀಲಿಯಾಗಿ, ಕೆಂಪಾಗಿ ಹೊಳೆಯುತ್ತಿತ್ತು. ಆ ತಲೆಯ ಮೇಲೆ ಅವಳಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

“ರೀ, ನೀತಾ ಬರ್ತಾಳಂತೆ. ಒಂದು ವಾರ ಪೂರ್ತಿ ಇರ್ತಾಳಂತೆ,” ಎಂದು ಅವರ ಹೆಗಲ ಮೇಲೆ ಕೈಯಿಟ್ಟಳು. “ನೀವು ಬಾಯಿಬಿಟ್ಟು ಹೇಳೋರಲ್ಲ, ನಂಗೊತ್ತು. ಆದ್ರೂ ಕೇಳ್ತೀನಿ. ಅವಳು ಬರಲಿ ಅಂತ ತಾನೇ ಇಷ್ಟೆಲ್ಲ ಮಾಡಿದ್ದು?”

ಬಂದೂಕಿನ ಸದ್ದು ನಿಂತಿತು. ಬದರಿನಾಥರು ಕುರ್ಚಿ ತಿರುಗಿಸಿ ಹೆಂಡತಿಯ ಮುಖವನ್ನು ಬಹಳ ಹೊತ್ತು, ಬಹಳ ಗಾಬರಿಯಿಂದ ನೋಡಿದರು.

“ಒಂದು ವಾರಾನಾ?” ಎಂದರು. “ಹಾಗಾದ್ರೆ ಇವತ್ತೇ ಪಾಸ್‌ವರ್ಡ್ ಹಾಕಬೇಕು.”