ಅನುಮಾನ ಉಳಿಸಿದ ನೌಕರಿ

"ಈಕಿ ಮುಂಜಾನಿ ಇಂಜೆಕ್ಷನ್ನ ಮಾಡಿಲ್ರಿ. ಚಾರ್ಟಿನ್ಯಾಗ ಸಹಿ ಎಲ್ಲೈತಿ ನೋಡ್ರಿ" ಎಂದು ಹಿರಿಯ ಸಿಸ್ಟರ್ ಡಾಕ್ಟರ ಮುಂದೆ ಹಾಳೆ ಹಿಡಿದಾಗ ನಾನು ಬಗ್ಗಿ ನೋಡಿದೆ. ನಾನು ಇಂಜೆಕ್ಷನ್ ಕೊಟ್ಟು ಸಹಿ ಮಾಡಿದ್ದೆ. ಆದರೆ ಅವರ ಕೈಯಲ್ಲಿದ್ದದ್ದು ನಾನು ಸಹಿ ಮಾಡಿದ ಹಾಳೆಯಲ್ಲ, ಅದನ್ನು ತೆಗೆದು ಇಟ್ಟ ಹೊಚ್ಚ ಹೊಸ ಹಾಳೆ. ನರಗುಂದದ ಆ ಖಾಸಗಿ ದವಾಖಾನೆಗೆ ನರ್ಸ್ ಆಗಿ ಸೇರಿದ ದಿನದಿಂದಲೂ ನಾನು ಅವರಿಗೆ ಬೇಡವಾಗಿದ್ದೆ. ಇನ್ನೊಂದು ತಪ್ಪಾದರೆ ಮನೆಗೆ ಹೋಗಬೇಕೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಅಷ್ಟರಲ್ಲಿ, ಆ ಇಂಜೆಕ್ಷನ್ ಪಡೆದಿದ್ದ ಮಗಳ ಮಂಚದ ಬಳಿ ಕುಳಿತಿದ್ದ ರಾಜೂರಿನ ಅಮೀನಾಬಿ ಸೆರಗಿನ ಗಂಟು ಬಿಚ್ಚಿ ಪುಟ್ಟ ಬಾಟಲಿಯೊಂದನ್ನು ತೆಗೆದರು.

"ಮಾಡ್ಯಾರ್ರಿ ಸಾಹೇಬ್ರ. ಮುಂಜಾನಿ ಅಂಗಡಿಯಿಂದ ನಾನ ಇದೊಂದ ತಂದಿದ್ದೆ. ಈಗ ಖಾಲಿ ಐತಿ ನೋಡ್ರಿ."

ಡಾಕ್ಟರು ಬಾಟಲಿ ನೋಡಿದರು, ಹಿರಿಯ ಸಿಸ್ಟರ ಮುಖ ನೋಡಿದರು, ಆ ಹಾಳೆಯ ಮೇಲೆ ನನ್ನ ಸಹಿ ಹಾಕಿಸಿ ಮುಂದಿನ ಮಂಚಕ್ಕೆ ನಡೆದರು. ಆಮೇಲೆ ನಾನು ಅಮೀನಾಬಿಯ ಕೈ ಹಿಡಿದು, ಖಾಲಿ ಬಾಟಲಿ ಯಾಕೆ ಕಟ್ಟಿಕೊಂಡಿದ್ದಿರಿ ಎಂದು ಕೇಳಿದೆ.

"ಖರೇ ಹೇಳ್ಲೇನು ಬೇಟಿ, ನಿನ್ನ ಮ್ಯಾಲ ನಂಬಿಗಿ ಇರಲಿಲ್ಲ. ನರ್ಸ್‌ಬಾಯಾರು ನೀರು ಚುಚ್ಚಿ ಔಷಧ ಮಾರ್ಕೋತಾರಂತ ನಮ್ಮೂರಾಗ ಅಂತಾರ. ಅದಕ್ಕ ನೀ ಸೂಜಿಗೆ ಔಷಧ ಎಳ್ಕೊಳ್ಳೂದನ್ನ ನೋಡಿ, ಬಾಟ್ಲಿ ಎತ್ತಿ ಇಟ್ಕೊಂಡೆ."

ಹಿರಿಯ ಸಿಸ್ಟರ್ ಆಮೇಲೂ ಬದಲಾಗಲಿಲ್ಲ. ನಾನು ಮಾತ್ರ ಅಂದಿನಿಂದ ಇಂಜೆಕ್ಷನ್ ಕೊಟ್ಟ ಕೂಡಲೇ ಖಾಲಿ ಬಾಟಲಿಯನ್ನು ರೋಗಿಯ ಕಡೆಯವರ ಕೈಗೆ ಕೊಡುತ್ತೇನೆ. ನನ್ನ ಮೇಲೆ ಅನುಮಾನಪಟ್ಟು ಕಣ್ಣಿಟ್ಟವರು ವಾರ್ಡಿನಲ್ಲಿ ಒಬ್ಬರಾದರೂ ಇದ್ದಾರೆಂದರೆ ನನಗೆ ಧೈರ್ಯ.