ರಿವರ್ಟ್ ಮೇಷ್ಟ್ರು

ಸೀತಾರಾಮಯ್ಯ ಮೇಷ್ಟ್ರು ಯಾವ ಕಾಗದವನ್ನೂ ಮೊದಲಿನಿಂದ ಓದುತ್ತಿರಲಿಲ್ಲ. ಟೈಪ್ ಮಾಡಿದ ಹಾಳೆ ಕೊಟ್ಟರೆ ಕಟ್ಟಕಡೆಯ ಪದದ ಮೇಲೆ ಬೆರಳಿಟ್ಟು, ಒಂದೊಂದೇ ಪದ ಹಿಂದಕ್ಕೆ ಬರುತ್ತಾ, ‘ಡಿಯರ್ ಸರ್’ ಮುಟ್ಟುವ ಹೊತ್ತಿಗೆ ತಪ್ಪುಗಳನ್ನೆಲ್ಲ ಹಿಡಿದಿರುತ್ತಿದ್ದರು. ಮುಂದಿನಿಂದ ಓದಿದರೆ ಅರ್ಥ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ ಎನ್ನುವುದು ಅವರ ವಾದ. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಬಳೆ ಅಂಗಡಿಯ ಮಹಡಿಯ ಮೇಲೆ, ಎಂಟು ಟೈಪ್‌ರೈಟರುಗಳ ಅವರ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದಲ್ಲಿ ಊರಿನಲ್ಲಿ ಕೆಲಸ ಹುಡುಕುತ್ತಿದ್ದವರೆಲ್ಲ ಆ ಮೆಟ್ಟಿಲು ಹತ್ತಿದವರೇ. ಅಲ್ಲಿಂದ ಹೊರಬಿದ್ದ ಕಾಗದದಲ್ಲಿ ತಪ್ಪಿರುವುದಿಲ್ಲ ಎಂಬ ಹೆಸರೊಂದೇ ಅವರ ಆಸ್ತಿ.

ಶನಿವಾರ ಟೈಪಿಂಗ್ ಮುಗಿದ ಮೇಲೆ ಒಂದು ಇಂಗ್ಲಿಷ್ ಪದದ ಪಾಠ. ‘ರಿವರ್ಟ್’ ಪದವನ್ನು ಜನ ಕೆಡಿಸುತ್ತಿದ್ದಾರೆಂದು ಅವರಿಗೆ ಮೈಯೆಲ್ಲ ಉರಿ.

“ರಿವರ್ಟ್ ಅಂದ್ರೆ ಮೊದಲಿದ್ದ ಸ್ಥಿತಿಗೆ ವಾಪಸ್ ಹೋಗೋದು. ಸಿಗರೇಟು ಬಿಟ್ಟೋನು ಮತ್ತೆ ಸೇದಿದ್ರೆ ರಿವರ್ಟ್. ಷರತ್ತು ಮುರಿದ್ರೆ ಗ್ರ್ಯಾಂಟ್ ಜಮೀನು ಸರ್ಕಾರಕ್ಕೆ ರಿವರ್ಟ್. ಪ್ರಮೋಷನ್ ಕಿತ್ಕೊಂಡ್ರೆ ನೌಕರ ರಿವರ್ಟ್. ಉತ್ತರ ಬರೆಯೋಕೆ ರಿಪ್ಲೈ ಅಂತ ಪದ ಇದೆಯಲ್ಲ ಮಾರಾಯ, ಅದಕ್ಕೇನು ಧಾಡಿ?”

‘ರಿವರ್ಟ್ ಬ್ಯಾಕ್’ ಎಂದು ಬರೆದವರನ್ನು ಮೆಟ್ಟಿಲವರೆಗೆ ಹಿಮ್ಮುಖವಾಗಿ ನಡೆಸುತ್ತಿದ್ದರು. ಎರಡೆರಡು ಸಲ ಹಿಂದಕ್ಕೆ ಹೋಗುವ ಕಷ್ಟ ಗೊತ್ತಾಗಲಿ ಎಂದು.

ಈ ಪಾಠ ನಾನೂ ಕೇಳಿದ್ದೆ. ಆದರೆ ಶಿವಮೊಗ್ಗದ ಒಂದು ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ, ಅಲ್ಲಿಗೆ ಬರುವ ಫ್ಯಾಕ್ಸುಗಳಲ್ಲಿ ಎಲ್ಲರೂ ‘ರಿವರ್ಟ್’ ಆಗುವವರೇ. ಆ ಇಂಗ್ಲಿಷು ಸ್ಟೈಲಾಗಿ ಕಂಡಿತು, ಮೇಷ್ಟ್ರದ್ದು ಹಳೇ ಕಾಲದ್ದು ಅನ್ನಿಸಿತು. ಕೊಬ್ಬು, ಬೇರೇನಲ್ಲ.

ಅಮ್ಮ ಶಿವಮೊಗ್ಗದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದಳು. ಹದಿನಾಲ್ಕು ವರ್ಷ ಫೈಲು ಹೊತ್ತು, ನಲವತ್ತು ದಾಟಿದ ಮೇಲೆ ಪರೀಕ್ಷೆ ಬರೆದು ಕ್ಲರ್ಕ್ ಆದಳು. ಟೈಪಿಂಗ್ ಪಾಸು ಮಾಡಿದರೆ ಮಾತ್ರ ಆ ಹುದ್ದೆ ಖಾಯಂ. ಅದಕ್ಕಾಗಿ ಅವಳೂ ಮೇಷ್ಟ್ರ ಹತ್ತಿರ ಸೇರಿದ್ದಳು. ಟೈಪಿಂಗ್ ಪರೀಕ್ಷೆಗೆ ಯಾವಾಗ ಕೂರುತ್ತೀರಿ ಎಂದು ಕಚೇರಿಯಿಂದ ಪತ್ರ ಬಂತು. ದಿನಾಂಕ ಇನ್ನೂ ಗೊತ್ತಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎನ್ನುವುದಕ್ಕೆ ನಾನು ಜಂಬದಿಂದ ಒಂದೇ ಸಾಲು ಬರೆದುಕೊಟ್ಟೆ: ‘ಐ ಶಲ್ ರಿವರ್ಟ್ ಬೈ ದ ಫಿಫ್ಟೀನ್ತ್.’ ಅಮ್ಮ ಅದನ್ನು ಟೈಪ್ ಮಾಡಿ ಸಹಿ ಹಾಕಿದಳು.

ವಾರ ಕಳೆದು ಒಂದು ಸಂಜೆ ಅಮ್ಮ ಬಣ್ಣಗೆಟ್ಟ ಮುಖದಲ್ಲಿ ಮನೆಗೆ ಬಂದಳು. ಅವಳನ್ನು ಮತ್ತೆ ಅಟೆಂಡರ್ ಮಾಡುವ ಆದೇಶ ಟೈಪಾಗಿದೆಯಂತೆ, ಬೆಳಿಗ್ಗೆ ಸಾಹೇಬರು ಟೂರ್ ಹೊರಡುವ ಮುಂಚೆ ಸಹಿ ಬೀಳುತ್ತದಂತೆ. ಹದಿನೈದರೊಳಗೆ ಹಳೇ ಹುದ್ದೆಗೆ ಹೋಗುತ್ತೇನೆಂದು ನೀವೇ ಬರೆದುಕೊಟ್ಟಿದ್ದೀರಲ್ಲ ಎಂದರಂತೆ ಸೂಪರಿಂಟೆಂಡೆಂಟ್. ಕಾರ್ಬನ್ ಕಾಪಿ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಓಡಿದೆವು. ಅವರ ಬೆರಳು ಹಿಂದಿನಿಂದ ಬಂದು ಆ ಪದದ ಮೇಲೆ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ಮೂವರೂ ಶಿವಮೊಗ್ಗಕ್ಕೆ ಹೊರಟೆವು. ಬಸ್ಸು ರೈಲ್ವೆ ಗೇಟಿನಲ್ಲಿ ಇಪ್ಪತ್ತು ನಿಮಿಷ ನಿಂತಿತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ನಾನೇ ಬರೆದದ್ದು ಎಂದು ಒಪ್ಪಿಕೊಳ್ಳುತ್ತೇನೆ ಎಂದೆ. ಮೇಷ್ಟ್ರು ಬೇಡವೆಂದರು.

“ಮಗಳು ಬರೆದುಕೊಟ್ಟಿದ್ದಕ್ಕೆ ಅರ್ಥ ಗೊತ್ತಿಲ್ದೆ ಸಹಿ ಹಾಕಿದ್ರು ಅಂತಾದ್ರೆ, ಇಂಥೋರು ಕ್ಲರ್ಕ್ ಹೇಗಾದ್ರು ಅಂತ ಕೇಳ್ತಾರೆ. ನೀನು ಅಲ್ಲಿ ಬಾಯಿ ಬಿಡ್ಬೇಡ.”

ಕಚೇರಿ ಮುಟ್ಟಿದಾಗ ಜೀಪು ಸ್ಟಾರ್ಟ್ ಆಗಿ ನಿಂತಿತ್ತು. ಒಳಗೆ ಸಾಹೇಬರು ಪೆನ್ನು ತೆರೆದು ಕೂತಿದ್ದರು. ಮೇಷ್ಟ್ರು ಕೇಳದೆಯೇ ಒಳಹೊಕ್ಕು ಕೈಮುಗಿದರು.

“ಈ ಪತ್ರ ನಾನು ಡಿಕ್ಟೇಷನ್ ಕೊಟ್ಟಿದ್ದು ಸಾರ್. ನಾನು ಹೇಳಿದ್ರಲ್ಲಿ ತಪ್ಪಿರಲ್ಲ ಅಂತ ನಂಬಿ ಇವರು ಹಾಗೇ ಟೈಪ್ ಮಾಡಿ ಸಹಿ ಹಾಕಿದಾರೆ. ತಪ್ಪು ನಂದು.”

ಸೂಪರಿಂಟೆಂಡೆಂಟ್ ಅವರ ಹಳೇ ಶಿಷ್ಯ, ಒಂದು ಕಾಲದಲ್ಲಿ ಮೆಟ್ಟಿಲವರೆಗೆ ಹಿಮ್ಮುಖ ನಡೆದವನು. ಬಾಗಿಲಲ್ಲಿ ಗುಮಾಸ್ತರೆಲ್ಲ ಸೇರಿದ್ದರು. ಅವನು ನಗುತ್ತಾ ಕೇಳಿದ, “ಹಾಗಾದ್ರೆ ರಿವರ್ಟ್ ಅಂದ್ರೆ ಏನು ಸಾರ್?”

ಮೇಷ್ಟ್ರು ಅವನ ಕಡೆ ತಿರುಗಿ ಹೇಳಿದರು, “ಉತ್ತರ ಕೊಡೋದು ಅಂತ ತಿಳ್ಕೊಂಡಿದ್ದೆ.”

ಯಾರೋ ಕಿಸಕ್ಕೆಂದರು. ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದರು ಸಾಹೇಬರು. ಮೇಷ್ಟ್ರು ಅಲ್ಲೇ ನಿಂತು ಬರೆದರು. ಇನ್‌ಸ್ಟಿಟ್ಯೂಟಿನ ಸೀಲನ್ನು ಜೇಬಿನಲ್ಲೇ ತಂದಿದ್ದರು, ಅದನ್ನೂ ಒತ್ತಿದರು. ಸಾಹೇಬರು ಆದೇಶವನ್ನು ಹರಿದು ಬುಟ್ಟಿಗೆ ಹಾಕಿ ಜೀಪು ಹತ್ತಿದರು.

ಮೇಷ್ಟ್ರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಏನೋ ಹೇಳಲು ಹೋದರೆ ತಡೆದರು. “ನಿಮ್ಮಮ್ಮಂಗೆ ನಾಳೆಯಿಂದ ಬೆಳಿಗ್ಗೆ ಆರಕ್ಕೇ ಬರಕ್ಕೆ ಹೇಳು. ಸ್ಪೀಡ್ ಸಾಲ್ದು.”

ಅಮ್ಮ ಪಾಸಾದಳು, ಖಾಯಂ ಆದಳು. ಆದರೆ ಕಚೇರಿಯ ಕಥೆ ಓಲ್ಡ್ ಟೌನ್ ತಲುಪಲು ವಾರ ಹಿಡಿಯಲಿಲ್ಲ. ಹುಡುಗರು ಅವರನ್ನು ರಿವರ್ಟ್ ಮೇಷ್ಟ್ರು ಎಂದು ಕರೆಯತೊಡಗಿದರು. ಶನಿವಾರದ ಪಾಠ ನಿಂತಿತು. ಕೇಳಿದವರಿಗೆ ಕಣ್ಣು ಮಂಜು ಎನ್ನುತ್ತಿದ್ದರು. ನಿಜ ಹೇಳಿಬಿಡು ಎಂದು ಅಮ್ಮ ಎಷ್ಟೋ ಸಲ ಅಂದಳು. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ನಾನು ಜಾರಿಕೊಂಡೆ. ಅಸಲಿಗೆ ನನಗೆ ನಾಚಿಕೆ, ಅಷ್ಟೇ.

ಸುಮಾರು ಇಪ್ಪತ್ತು ವರ್ಷಗಳ ನಂತರ ಮೇಷ್ಟ್ರು ತೀರಿಕೊಂಡರು. ಅಮ್ಮ ಆ ಹೊತ್ತಿಗೆ ನಿವೃತ್ತಳಾಗಿದ್ದಳು. ಇಬ್ಬರೂ ಹಾರ ತೆಗೆದುಕೊಂಡು ಹೋದೆವು. ಅವರ ಬೀದಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಹೆಸರಿನ ಕೆಳಗೆ ಬ್ರ್ಯಾಕೆಟ್ಟಿನಲ್ಲಿ ‘ರಿವರ್ಟ್ ಮೇಷ್ಟ್ರು’ ಎಂದಿತ್ತು. ಹಾಗೆ ಹಾಕದಿದ್ದರೆ ಊರಿಗೆ ಗುರುತು ಹತ್ತುತ್ತಿರಲಿಲ್ಲವೇನೋ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಅದನ್ನು ಓದಿ ನನ್ನ ಕಡೆ ತಿರುಗಿದಳು.

“ಯಾಕಕ್ಕ ಅವರಿಗೆ ಈ ಹೆಸರು?”

“ಗೊತ್ತಿಲ್ಲಮ್ಮ,” ಎಂದೆ.

ಅಮ್ಮ ನನ್ನ ಕೈ ಬಿಡಿಸಿಕೊಂಡು, ಹಾರ ಎತ್ತಿಕೊಂಡು, ಒಬ್ಬಳೇ ಅವರ ಮನೆಯೊಳಗೆ ಹೋದಳು.