ಏಳದ ಯಂತ್ರಕ್ಕೆ ಹೆಪ್ಪು

ನಮ್ಮ ಗಿರಿಜೆಯ ಕೆಲಸ ಕಾಯಂ ಆಯಿತು. ಮೊದಲು ಇದನ್ನು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗುವುದಿಲ್ಲ. ಇದಾಗಿ ಎಷ್ಟೋ ವರ್ಷವಾದರೂ ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕರೆ ನನ್ನ ಮಾತು ಶುರುವಾಗುವುದು ಇಲ್ಲಿಂದಲೇ. ಮೊಮ್ಮಗಳ ಕೆಲಸ ಉಳಿಯಿತು ಎನ್ನುವುದು ಗೊತ್ತು. ಹೇಗೆ ಉಳಿಯಿತು ಎನ್ನುವುದು ಇವತ್ತಿಗೂ ಗೊತ್ತಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಹೇಳಿದ್ದನ್ನೆಲ್ಲ ನಂಬುವವಳಲ್ಲ. ತವರೂರು ಜಗಳೂರಿನ ಕಡೆ ಕುರಿ ಕಾಯುವವರು ದೆವ್ವ ದಾರಿ ತಪ್ಪಿಸಿದ ಕತೆ ಹೇಳಿದರೆ, "ರಾತ್ರಿ ಏನು ತಿಂದಿದ್ರಿ?" ಎಂದು ಕೇಳಿ ನಗುತ್ತಿದ್ದೆ. ನೀವೂ ನಗಬಹುದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆ. ಹೊನ್ನಾಳಿಯ ಒಂದು ಭತ್ತದ ಮಂಡಿಗೆ ಕಂಪ್ಯೂಟರ್ ಬಂದಿತ್ತು. ಅದನ್ನು ಮಾರಿದ ದಾವಣಗೆರೆಯ ಅಂಗಡಿಯವರು ಗಿರಿಜೆಯನ್ನೂ, ಅವಳ ಜೊತೆ ಕೆಲಸ ಮಾಡುತ್ತಿದ್ದ ಚನ್ನಗಿರಿಯ ನಜೀರನನ್ನೂ ಅಲ್ಲಿಗೆ ಕಳಿಸಿದ್ದರು. ಹೊಸ ಪ್ರಿಂಟರ್ ಯಂತ್ರಕ್ಕೆ ಹೊಂದಿಕೊಳ್ಳಬೇಕಾದರೆ ಕರ್ನಲ್ ಎಂಬುದನ್ನು ಮತ್ತೆ ಕಂಪೈಲ್ ಮಾಡಬೇಕಂತೆ, ಅಂದರೆ ಹೊಸದಾಗಿ ಕಟ್ಟಬೇಕಂತೆ. ಯಂತ್ರದೊಳಗೆ ಮೊದಲು ಏಳುವುದು ಅದು. ಮಿಕ್ಕದ್ದೆಲ್ಲ ಅದರ ಮಾತು ಕೇಳಿಯೇ ನಡೆಯುವುದು. ಡಿಸ್ಕಿನಲ್ಲಿ ಜಾಗ ಸಾಲದೆಂದು ಗಿರಿಜೆ ಹಳೆಯ ಕರ್ನಲ್ ಅಳಿಸಿ ಹೊಸದನ್ನು ಹಾಕಿದಳು. ಯಂತ್ರ ಏಳಲಿಲ್ಲ.

ನಾನು ಅದೇ ಊರಿನ ನಮ್ಮ ಮನೆಯಿಂದ ಬುತ್ತಿ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರ್ ಇಟ್ಟಿದ್ದ ಎಸಿ ಕೋಣೆಗೆ ಹೋದಾಗ ಇಬ್ಬರೂ ಬೆವೆತಿದ್ದರು. ಯಂತ್ರ ಹಚ್ಚಿದರೆ ಯಾವ ಕರ್ನಲ್ ಎಬ್ಬಿಸಲಿ ಎಂದು ಹೆಸರು ಕೇಳುತ್ತಿತ್ತು. ಹೊಸದರ ಹೆಸರು ಕೊಟ್ಟರೆ ಒಂದೆರಡು ಸಾಲು ಮೂಡಿ ಅಲ್ಲೇ ನಿಲ್ಲುತ್ತಿತ್ತು. ಪ್ರಿಂಟರ್ ಬಿಚ್ಚಿ ನೋಡಿದರು. ತುರ್ತಿಗೆಂದು ತಂದ ಫ್ಲಾಪಿ ಕರಕರ ಎಂದಿತೇ ಹೊರತು ಕೆಲಸಕ್ಕೆ ಬರಲಿಲ್ಲ. ಮಂಡಿಯ ಸಾಹುಕಾರರು ಬಾಗಿಲಲ್ಲಿ ನಿಂತು, "ಏನಮ್ಮಾ, ಬೆಳಿಗ್ಗೆ ನಡೀತಿದ್ದ ಎತ್ತನ್ನ ಮಧ್ಯಾಹ್ನಕ್ಕೇ ಮಲಗಿಸಿದೆಯಲ್ಲ. ಸಂಜೆ ಒಳಗೆ ಏಳದಿದ್ರೆ ಪೆಟ್ಟಿಗೇನೂ ವಾಪಸ್, ನೀನೂ ವಾಪಸ್" ಎಂದರು. ಹಾಗೆ ವಾಪಸ್ ಹೋದರೆ ಅವಳ ಕೆಲಸ ಅಲ್ಲಿಗೆ ಮುಗಿದಂತೆ.

ಬುತ್ತಿ ಬಿಚ್ಚುತ್ತಾ ಕೇಳಿದೆ, "ಹಳೇದನ್ನ ಒಂಚೂರೂ ಎತ್ತಿಟ್ಟಿಲ್ಲೇನವ್ವಾ? ಮೊಸರಿನ ಗಡಿಗೆ ತೊಳೆಯಾಕೆ ಮುಂಚೆ ಹೆಪ್ಪಿಗೆ ಅಂತ ಒಂದು ಚಮಚ ತೆಗೆದಿಡಲ್ವಾ?"

"ಇದು ಮೊಸರಲ್ಲ ಅಜ್ಜಿ" ಎಂದಳು. ಕಣ್ಣು ತುಂಬಿತ್ತು.

ಅವಳನ್ನು ನಗಿಸಲು ನಜೀರ ಹೇಳಿದ, "ಇರೋ ಹೆಸರೆಲ್ಲ ಹೊಡೆದಾಯ್ತು ಅಜ್ಜಿ, ಎಲ್ಲದಕ್ಕೂ ಇಲ್ಲ ಇಲ್ಲ ಅಂತೈತೆ. ಇನ್ನು ನಿಮ್ಮ ಹೆಪ್ಪೊಂದು ಬಾಕಿ ಐತೆ."

ಅಳುವೋ ನಗುವೋ ತಿಳಿಯದ ಮುಖದಲ್ಲಿ ಗಿರಿಜೆ ಇಂಗ್ಲಿಷ್ ಅಕ್ಷರದಲ್ಲಿ ಹೆಪ್ಪು ಎಂದು ಒತ್ತಿದಳು. ಸಾಲು ಮೂಡಿತು. ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಪರದೆ ತುಂಬಿತು, ಯಂತ್ರ ಎದ್ದಿತು.

ನಜೀರನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. "ನೀನು ಇಟ್ಟಿದ್ಯಾ?" ಎಂದು ಗಿರಿಜೆ ಕೇಳಿದರೆ ಅವನು ಗಂಟಲು ಮುಟ್ಟಿ ಇಲ್ಲವೆಂದ. ಡಿಸ್ಕನ್ನೆಲ್ಲ ಹುಡುಕಿದರು. ಆ ಹೆಸರಿನ ಫೈಲೇ ಅದರಲ್ಲಿರಲಿಲ್ಲ. ನನ್ನ ಕೈಕಾಲು ತಣ್ಣಗಾದವು. ಎಸಿ ಇದೆಯಲ್ಲ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಹೆದರುತ್ತಲೇ ಅವಳು ಎದ್ದ ಯಂತ್ರದ ಮುಂದೆ ಕೂತು, ತಾನು ಮಾಡಿದ್ದ ತಪ್ಪು ತಿದ್ದಿ, ಕರ್ನಲನ್ನು ಮತ್ತೆ ಕಂಪೈಲ್ ಮಾಡಿದಳು. ಈ ಸಲ ಯಂತ್ರ ಸರಿಯಾಗಿ ಎದ್ದಿತು, ಪ್ರಿಂಟರೂ ಓಡಿತು. ಸಾಹುಕಾರರೇ ದಾವಣಗೆರೆಗೆ ಫೋನು ಮಾಡಿ ಹೊಗಳಿದರು. ಕಾಯಂ ಮಾಡಿದೆವೆಂದು ಆ ಕಡೆಯಿಂದ ಉತ್ತರ ಬಂತು. ಹೊರಡುವ ಮುಂಚೆ ನಜೀರ ಹೆಪ್ಪಿನ ಹೆಸರನ್ನು ಇನ್ನೊಮ್ಮೆ ಒತ್ತಿ ನೋಡಿದ. ಅಂಥದ್ದಿಲ್ಲ ಎಂದಿತು ಯಂತ್ರ.

ಮುಂದೆ ನ್ಯಾಮತಿಯ ಮೇಷ್ಟ್ರೊಬ್ಬರಿಗೆ ಹೇಳಿದಾಗ ಕಣ್ತಪ್ಪು ಎಂದರು. ಮೂವರ ಕಣ್ಣೂ ಒಟ್ಟಿಗೆ ತಪ್ಪುವುದುಂಟೇ, ನನಗೆ ತಿಳಿಯದು.

ಯಂತ್ರ ಎದ್ದ ದಿನ ಸಂಜೆ ನಮ್ಮ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ನಜೀರನೂ ಸೇರಿ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಮೊಸರಿನ ಗಡಿಗೆ ತಂದವಳು ಗಿರಿಜೆ. ಯಾರ ತಟ್ಟೆಗೂ ಬಡಿಸುವ ಮುಂಚೆ ಒಂದು ಚಮಚ ತೆಗೆದು ಬಟ್ಟಲಿಗೆ ಹಾಕಿ ಮುಚ್ಚಿಟ್ಟಳು. ನಜೀರ ಕೂಡ ನಗಲಿಲ್ಲ.